ಶೇಂಗಾ ಸಿಪ್ಪೆ ಕುಡಿದ ಬಣ್ಣ

ಮೊನ್ನೆ ಸೈಕಲ್ಲಿನ ಮೇಲೆ ಬಟ್ಟೆಗಂಟು ಹೇರಿಕೊಂಡು ಬಂದವನ ಹತ್ತಿರ ನನ್ನ ಹೆಂಡತಿ ಒಂದು ಕೆಂಪು ಜಮಖಾನೆ ಕೊಂಡಳು. ಬಣ್ಣ ಬಿಟ್ಟರೆ ತನ್ನ ಹೆಸರು ಬದಲಾಯಿಸಿಕೊಳ್ಳುವುದಾಗಿ ಅವನು ಹೇಳಿದನಂತೆ. ಈಗಿರುವ ಹೆಸರು ಯಾವುದೆಂದು ಇವಳು ಕೇಳಲಿಲ್ಲ. ಇವತ್ತು ಬೆಳಿಗ್ಗೆ ನೆನೆಹಾಕಿದ ಹತ್ತೇ ನಿಮಿಷಕ್ಕೆ ಬಕೆಟ್ಟಿನ ನೀರು ದಾಸವಾಳದ ಬಣ್ಣಕ್ಕೆ ತಿರುಗಿತು.

ನಾನು ಯಾರ ಅಪ್ಪಣೆಗೂ ಕಾಯದೆ ಅಡಿಗೆಮನೆಗೆ ಹೋದೆ. ನಿನ್ನೆ ಸಂಜೆ ಸುಲಿದಿಟ್ಟ ಶೇಂಗಾದ ಸಿಪ್ಪೆ ಮೊರದಲ್ಲಿತ್ತು. ಜಮಖಾನೆ ತೆಗೆದು, ಆ ಸಿಪ್ಪೆಯನ್ನು ಅಂಗೈಯಲ್ಲಿ ಪುಡಿಮಾಡಿ ಬಕೆಟ್ಟಿಗೆ ಸುರಿದೆ. ಒಣಸಿಪ್ಪೆ ನೀರಿಗೆ ಬಿದ್ದಾಗ ಒಂದು ವಾಸನೆ ಏಳುತ್ತದೆ, ಮೊದಲ ಮಳೆಗೆ ನೆನೆದ ಹೊಟ್ಟಿನ ಬಣವೆಯದು. ನನ್ನಂಥ ನಿವೃತ್ತ ವಿಜ್ಞಾನದ ಮೇಷ್ಟ್ರು ಸ್ನಾನದ ಮನೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಕೆಂಪು ನೀರಿಗೆ ಸಿಪ್ಪೆ ಹಾಕುವುದನ್ನು ಕಂಡರೆ ನೀವು ನಗುತ್ತೀರಿ. ನನ್ನ ಹೆಂಡತಿ ನಗಲಿಲ್ಲ. ಅವಳು ಕೊಟ್ಟೂರಿನವಳು, ಅದರಲ್ಲೂ ನಾನೀಗ ಹೇಳಹೊರಟ ಓಣಿಯವಳು.

ಎಪ್ಪತ್ತರ ದಶಕದ ಕೊನೆಗೆ ನಾನು ಕೊಟ್ಟೂರಿನ ಒಂದು ಹೈಸ್ಕೂಲಿಗೆ ಮೇಷ್ಟ್ರಾಗಿ ಹೋದೆ. ನಮ್ಮೂರು ಹಲವಾಗಲು, ತುಂಗಭದ್ರೆಯ ದಂಡೆ. ನೀರೆಂದರೆ ಕೊಡ ಹಿಡಿದು ಇಳಿದರೆ ಸಿಗುವ ಪದಾರ್ಥ ಎಂದೇ ನಾನು ಇಪ್ಪತ್ನಾಲ್ಕು ವರ್ಷ ನಂಬಿದ್ದವನು. ಕೊಟ್ಟೂರಿಗೆ ಹೋದ ಮೊದಲ ದಿನ ಎರಡು ಬಕೆಟ್ಟು ನೀರಲ್ಲಿ ಸ್ನಾನ ಮಾಡಿದೆ. ಸಂಜೆಯೊಳಗೆ ಆ ಸುದ್ದಿ ಓಣಿಯ ಕೊನೆಯ ಮನೆಗೂ ಮುಟ್ಟಿತ್ತು. "ಹೊಳಿ ದಂಡಿಯವ್ರು, ಪಾಪ, ಗೊತ್ತಿಲ್ಲ" ಎಂದು ಕ್ಷಮಿಸಿದರು. ಆ ಓಣಿಗೆ ಇದ್ದದ್ದು ಒಂದೇ ಸೀನೀರಿನ ಬಾವಿ, ಅದೂ ಇಳಿಜಾರಿನ ಕೊನೆಯಲ್ಲಿ. ಇಳಿಜಾರಿನ ಮೇಲ್ತುದಿಯಲ್ಲಿ ನನ್ನ ಬಾಡಿಗೆ ಕೋಣೆ, ಅದರ ಗೋಡೆಗೆ ಅಂಟಿಕೊಂಡು ಹಂಪಮ್ಮನ ಮನೆ.

ಹಂಪಮ್ಮ ನೂಲಿಗೆ ಬಣ್ಣ ಹಾಕುವಾಕೆ. ಗಂಡ ತೀರಿಹೋಗಿ ಕೆಲವು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಹಿತ್ತಲಲ್ಲಿ ಎರಡು ತಾಮ್ರದ ಹಂಡೆ, ಒಂದರಲ್ಲಿ ಕೆಂಪು, ಇನ್ನೊಂದರಲ್ಲಿ ಹಸಿರು. ಸೀರೆಯ ಅಂಚಿನ ನೂಲು, ಲಂಗದ ಲಾಡಿ, ಎತ್ತಿನ ಕೊಂಬಿಗೆ ಕಟ್ಟುವ ಗೊಂಡೆ, ಸುತ್ತಲಿನ ಊರುಗಳದ್ದೆಲ್ಲ ಆಕೆಯ ಹಂಡೆಯಲ್ಲಿ ಮುಳುಗಿ ಎದ್ದೇ ಹೋಗಬೇಕು. ಆಕೆಯ ಬಲಗೈ ಮೊಣಕೈವರೆಗೆ ಕೆಂಪು, ಎಡಗೈ ಹಸಿರು. ಎಡಗೈಯಲ್ಲಿ ಏನನ್ನೂ ಕೊಡಬಾರದೆಂಬ ನೇಮ ಆಕೆಯ ಮಟ್ಟಿಗೆ ಹಸಿರು ಕೈಯಲ್ಲಿ ಕೊಡಬಾರದೆಂದಾಗಿತ್ತು. ಮಾತು ಕಡಿಮೆ. ಇಡೀ ದಿನ ಹಂಡೆಯ ಮುಂದೆ ಕೋಲು ಹಿಡಿದು ನಿಂತಿರುತ್ತಿದ್ದಳು, ಗೋಡೆಯ ಈಚೆ ನಾನು ನೋಟ್ಸ್ ಬರೆಯುತ್ತ ಕೆಮ್ಮುತ್ತಿದ್ದೆ.

ಇಷ್ಟು ವರ್ಷ ಬಾವಿಗೇನೂ ಆಗಿರಲಿಲ್ಲ. ಆ ವರ್ಷ ಹಂಪಮ್ಮನ ಕೆಲಸ ಹೆಚ್ಚಿತೋ ಮಳೆ ಕಡಿಮೆಯಾಯಿತೋ, ದೀಪಾವಳಿ ಕಳೆದ ಮೇಲೆ ಒಂದು ಮನೆಯಲ್ಲಿ ಅನ್ನ ಹಸಿರಾಗಿ ಬೆಂದಿತು. ಮೊದಲು ಅಕ್ಕಿಯನ್ನು ಬೈದರು, ಆಮೇಲೆ ಸೊಸೆಯನ್ನು ಬೈದರು. ಮರುದಿನ ಎದುರು ಮನೆಯಲ್ಲೂ ಹಾಗೇ ಆದಾಗ ಎಲ್ಲರೂ ಬಾವಿಯೊಳಗೆ ಇಣುಕಿದರು. ಹಸಿರು ಹಂಡೆಯ ನೀರು ಹಿತ್ತಲಿಂದ ಚರಂಡಿಗೆ, ಚರಂಡಿಯಿಂದ ಬಾವಿಯ ಮಗ್ಗುಲಿಗೆ ಹೋಗಿ ಜಿನುಗುತ್ತಿತ್ತು.

ಓಣಿಯ ಹಿರಿಯರು ಕೊಟ್ರಬಸಪ್ಪನವರು. ಎರಡು ಬಿಳಿ ಎತ್ತು, ಒಂದು ಬಿಳಿ ಪಂಚೆ, ಯಾವುದರ ಮೇಲೂ ಕಲೆ ಕಂಡವರಿಲ್ಲ. ಅವರು ಹಂಪಮ್ಮನ ಬಾಗಿಲಿಗೆ ಬಂದು, ಕಟ್ಟೆಯ ಮೇಲೆ ಕೂತು, ನೀರು ಕೇಳಿ ಕುಡಿದು, ಆಮೇಲೆ ತೀರ್ಪು ಹೇಳಿದರು.

"ಯುಗಾದಿ ತನಕ ನೋಡೂನವ್ವ. ಅಷ್ಟರಾಗ ನೀರು ತಿಳಿ ಆಗಬೇಕು. ಇಲ್ಲಾಂದ್ರ ಹಂಡಿ ಊರ ಹೊರಗ ಒಯ್ಯಿ."

"ಊರ ಹೊರಗ ನೀರು ಎಲ್ಲೈತ್ರಿ ಯಜಮಾನ್ರ?"

"ಅದು ನನಗೂ ಗೊತ್ತೈತಿ" ಎಂದು ಅವರು ಎದ್ದುಹೋದರು.

ಊರ ಹೊರಗೆ ಹಂಡೆ ಒಯ್ಯುವುದೆಂದರೆ ಹಂಡೆ ಕವುಚಿ ಹಾಕುವುದೇ. ಹಂಡೆ ಕವುಚಿದರೆ ಹಂಪಮ್ಮನಿಗೆ ಉಳಿಯುವುದು ತೆಲಿಗಿ. ಅಲ್ಲಿ ಅಣ್ಣನ ಮನೆ. ಅಣ್ಣ ಒಳ್ಳೆಯವನೇ, ಅತ್ತಿಗೆ ಕೆಟ್ಟವಳಲ್ಲ. ಆದರೆ ಗಂಡ ಸತ್ತ ಹೊಸದರಲ್ಲಿ ಆರು ತಿಂಗಳು ಅಲ್ಲಿದ್ದು ಬಂದಿದ್ದಳು ಹಂಪಮ್ಮ. ಒಂದು ಸಂಜೆ ಗೋಡೆಯ ಮೇಲಿಂದ ನನಗೆ ಅಂದಳು: "ಅಲ್ಲಿ ಯಾರೂ ಒಂದು ಮಾತು ಅನ್ನಂಗಿಲ್ರಿ ಮೇಷ್ಟ್ರ. ತಾಟಿಗೆ ರೊಟ್ಟಿ ಹಾಕೂ ಮುಂಚೆ ಒಂಚೂರು ತಡೀತಾರ. ಅಷ್ಟ." ಆ ಒಂಚೂರು ತಡೆಯುವುದನ್ನು ನಾನು ಇವತ್ತಿಗೂ ಮರೆತಿಲ್ಲ. ನಾನು ಉಣ್ಣುವಾಗ ಹೆಂಡತಿ ಒಳಗೆ ಯಾವುದೋ ಡಬ್ಬಿ ಹುಡುಕುತ್ತ ತಡಮಾಡಿದರೂ ತೆಲಿಗಿ ನೆನಪಾಗುತ್ತದೆ.

ಇಲ್ಲಿ ನಾನು ಪ್ರವೇಶಿಸಿದೆ. ವಿಜ್ಞಾನದ ಮೇಷ್ಟ್ರು ಪಕ್ಕದಲ್ಲೇ ಇರುವಾಗ ನೀರು ತಿಳಿಯಾಗದಿದ್ದರೆ ಹೇಗೆ? ನಿಜ ಹೇಳಬೇಕೆಂದರೆ ಇನ್ನೊಂದು ಕಾರಣವೂ ಇತ್ತು. ಕೊಟ್ರಬಸಪ್ಪನವರ ತಮ್ಮನ ಮಗಳು ದಿನಾ ಬಾವಿಗೆ ಬರುತ್ತಿದ್ದಳು, ನಾನು ದಿನಾ ಆ ಹೊತ್ತಿಗೆ ನೀರಿನ ಕೊರತೆ ಅನುಭವಿಸುತ್ತಿದ್ದೆ. ಬಾವಿಯನ್ನು ಉಳಿಸಿದ ಮನುಷ್ಯನೆಂದು ಅವಳ ದೊಡ್ಡಪ್ಪನಿಗೆ ಗೊತ್ತಾದರೆ ಮುಂದಿನ ಮಾತು ಸುಲಭವಾದೀತೆಂದು ಲೆಕ್ಕ ಹಾಕಿದ್ದೆ.

ಮೊದಲು ಕ್ಷೌರದಂಗಡಿಯಿಂದ ಪಟಕ, ಅಂದರೆ ಗಡ್ಡ ಹೆರೆದ ಮೇಲೆ ಗಲ್ಲಕ್ಕೆ ಉಜ್ಜುವ ಕಲ್ಲು, ತಂದೆ. ಕೊಡದ ನೀರಿಗೆ ಪಟಕ ಆಡಿಸಿದರೆ ಮಣ್ಣು ತಳಕ್ಕೆ ಕೂರುತ್ತದೆ, ಬಣ್ಣ ಕೂರಲಿಲ್ಲ. ಅಂಗಡಿಯವನು ಮಾತ್ರ ನಾನು ದಿನಕ್ಕೆಷ್ಟು ಸಲ ಗಡ್ಡ ಹೆರೆದುಕೊಳ್ಳುತ್ತೇನೆಂದು ಕೇಳಿದ. ಆಮೇಲೆ ಪುಸ್ತಕದಲ್ಲಿದ್ದಂತೆ ಮರಳು, ಜಲ್ಲಿ, ಇದ್ದಿಲುಗಳನ್ನು ಪದರಪದರವಾಗಿ ಮಡಕೆಯಲ್ಲಿ ತುಂಬಿದೆ. ಇದ್ದಿಲು ಒಂದಿಷ್ಟು ಹಸಿರನ್ನು ಹಿಡಿದುಕೊಂಡು ಅದರ ಬದಲಿಗೆ ಕಪ್ಪನ್ನು ಕೊಟ್ಟಿತು. ಒಂದು ಮಡಕೆ ನೀರು ಸೋಸಲು ಅರ್ಧ ದಿನ ಬೇಕು, ಹಂಪಮ್ಮ ಚೆಲ್ಲುವುದು ದಿನಕ್ಕೆ ಮೂವತ್ತು ಕೊಡ. ಆಕೆ ಒಮ್ಮೆಯೂ ಬೇಡವೆನ್ನಲಿಲ್ಲ. ನಾನು ಕೇಳಿದ ಮಡಕೆ ಕೊಟ್ಟಳು, ಮಡಕೆ ಒಡೆದಾಗ ಇನ್ನೊಂದು ಕೊಟ್ಟಳು. ಹೀಗೆ ಪುಷ್ಯ ಕಳೆಯಿತು, ಮಾಘ ಕಳೆಯಿತು.

ಈ ಕಥೆಯನ್ನು ನಾನು ಇಷ್ಟು ವರ್ಷಗಳಲ್ಲಿ ನೂರು ಸಲವಾದರೂ ಹೇಳಿದ್ದೇನೆ. ಮುಂದಿನದನ್ನು ನಿಮಗೆ ಹೇಳುವಂತೆ ಯಾರಿಗೂ ಹೇಳಿದ್ದಿಲ್ಲ.

ಹಂಪಮ್ಮ ಹಂಡೆಯ ಒಲೆಗೆ ಉರಿಸುತ್ತಿದ್ದದ್ದು ಶೇಂಗಾ ಸಿಪ್ಪೆ. ಕೊಟ್ಟೂರಿನಲ್ಲಿ ಶೇಂಗಾ ಒಡೆಯುವ ಮಿಲ್ಲುಗಳ ಹಿಂದೆ ಸಿಪ್ಪೆ ಗುಡ್ಡದ ಹಾಗೆ ಬಿದ್ದಿರುತ್ತಿತ್ತು, ಹೊತ್ತುಕೊಂಡು ಹೋದರೆ ಮಿಲ್ಲಿನವರೇ ಸಂತೋಷಪಡುತ್ತಿದ್ದರು. ಆಕೆಯ ಹಿತ್ತಲಿನ ಚೀಲವೊಂದು ಉರುಳಿ ಚರಂಡಿಗೆ ಅಡ್ಡ ಬಿದ್ದಿತ್ತು. ಒಂದು ಭಾನುವಾರ ಆಕೆ ನನ್ನನ್ನು ಗೋಡೆಯ ಮೇಲಿಂದ ಕರೆದಳು.

"ಬಿಡುವೈತೇನ್ರಿ ಮೇಷ್ಟ್ರ?"

ನಾನು ಹೋದೆ. ಚೀಲದ ಮೇಲ್ಗಡೆಯ ನೀರು ಹಸಿರು, ಕೆಳಗಡೆಯದು ಹೆಚ್ಚುಕಡಿಮೆ ಎಳನೀರಿನಷ್ಟು ತಿಳಿ. ಚೀಲ ಬಿಚ್ಚಿದರೆ ಒಳಗಿನ ಸಿಪ್ಪೆ ಗಿಣಿಯ ರೆಕ್ಕೆಯಂತಾಗಿತ್ತು.

"ನೂಲು ಬಣ್ಣ ಕುಡೀತೈತಿ" ಎಂದಳು ಹಂಪಮ್ಮ. "ನೂಲೂ ಹೊಲದಾಗ ಬೆಳದದ್ದ, ಸಿಪ್ಪೀನೂ ಹೊಲದಾಗ ಬೆಳದದ್ದ. ಅದು ಕುಡುದ್ರ ಇದೂ ಕುಡೀಬೇಕಲ್ರಿ?"

ನಾನು ಬಿ.ಎಸ್ಸಿ. ಓದಿದವನು. ಒಂದು ವಸ್ತು ಇನ್ನೊಂದನ್ನು ತನ್ನ ಮೈಗೆ ಅಂಟಿಸಿಕೊಳ್ಳುವ ಅಧಿಶೋಷಣೆ ಎಂಬ ಪಾಠವನ್ನು ಒಂಬತ್ತನೆಯ ತರಗತಿಗೆ ಅದೇ ವಾರ ಮಾಡಿದ್ದೆ. ಈ ವಾಕ್ಯ ನನಗೆ ಹೊಳೆದಿರಲಿಲ್ಲ.

"ಆದ್ರ ಪೂರ್ತಿ ಕುಡಿಯಾಕತ್ತಿಲ್ಲ" ಎಂದು ಆಕೆಯೇ ಮುಂದುವರಿಸಿದಳು. "ಒಗರು ಕುಡಿಸಿಲ್ಲಲ್ಲ, ಅದಕ್ಕ."

ಒಗರು ಎಂದರೆ ಏನೆಂದು ಹೇಳಬೇಕು. ಕೂಡ್ಲಿಗಿ ಕಡೆ ಕಂಬಳಿ ನೇಯುವವರು ಹುಣಸೆ ಬೀಜ ಹುರಿದು, ಒಳಗಿನ ಬಿಳಿ ಬೇಳೆಯನ್ನು ಬೀಸಿ ಉಣ್ಣೆಗೆ ಹಚ್ಚುವ ಗಂಜಿ ಮಾಡುತ್ತಾರೆ. ಮೇಲಿನ ಕಂದು ಸಿಪ್ಪೆ ಯಾರಿಗೂ ಬೇಡ. ಅದನ್ನು ಹಂಪಮ್ಮ ತರಿಸಿ ಕುದಿಸುತ್ತಿದ್ದಳು. ಆ ಒಗರು ನೀರಿನಲ್ಲಿ ಒಂದು ದಿನ ನೆನೆದ ಮೇಲೇ ನೂಲನ್ನು ಬಣ್ಣಕ್ಕೆ ಇಳಿಸುವುದು, ಇಲ್ಲದಿದ್ದರೆ ಬಣ್ಣ ನಿಲ್ಲುವುದಿಲ್ಲ. ನೂಲು ತೆಗೆದ ಮೇಲೆ ಉಳಿದ ಒಗರನ್ನು ಚೆಲ್ಲುತ್ತಿದ್ದಳು. ಈಗ ಅದೇ ಚೆಲ್ಲುವ ನೀರಿಗೆ ಶೇಂಗಾ ಸಿಪ್ಪೆ ಸುರಿದು, ಒಂದು ದಿನ ಬಿಟ್ಟು, ಒಣಗಿಸಿ, ಚರಂಡಿಯ ದಾರಿಯಲ್ಲಿ ಗುಂಡಿ ತೋಡಿ ತುಂಬಿದಳು. ನಾನು ಪಕ್ಕದಲ್ಲಿ ನಿಂತು ಒಂದು ಗುಂಡಿ ಸಾಲದು, ಮೂರು ಇರಲಿ ಎಂದೆ. ನನ್ನ ಸಂಶೋಧನೆ ಪೂರ್ತಿಯಾಗಿ ಇಷ್ಟೇ. ಮೂರು ಎಂಬ ಸಂಖ್ಯೆ ನನ್ನದು.

ಮೊದಲನೆಯ ಗುಂಡಿಗೆ ಹೋದ ಹಸಿರು ಮೂರನೆಯದರಿಂದ ನೀರಾಗಿ ಹೊರಬಿತ್ತು. ನಾನು ಆಕೆಗೆ ಇದರ ಹೆಸರು ಅಧಿಶೋಷಣೆ ಎಂದು ತಿಳಿಸಿಕೊಟ್ಟೆ. ಆಕೆ ಗುಂಡಿಗೆ ಇನ್ನಷ್ಟು ಸಿಪ್ಪೆ ಸುರಿಯುತ್ತ, "ಹೆಸರು ಚಲೋ ಐತ್ರಿ" ಎಂದಳು.

ಯುಗಾದಿಯ ಹಿಂದಿನ ವಾರ ಕೊಟ್ರಬಸಪ್ಪನವರು ಬಂದರು. ಹಿತ್ತಾಳೆ ಚೊಂಬಿನಲ್ಲಿ ಮೂರನೆಯ ಗುಂಡಿಯ ನೀರು ತುಂಬಿ, ಪಂಚೆಯ ಚುಂಗನ್ನು ಅದರಲ್ಲಿ ಅದ್ದಿ, ಬಿಸಿಲಿಗೆ ಹಿಡಿದು ನೋಡಿದರು. ಬಾವಿಯಿಂದಲೂ ಒಂದು ಕೊಡ ಸೇದಿಸಿದರು. ಅದೂ ತಿಳಿಯಾಗುತ್ತ ಬಂದಿತ್ತು.

"ಯಾರು ಮಾಡಿದ್ದಿದು?"

"ಮೇಷ್ಟ್ರು ಮಾಡ್ಯಾರ್ರಿ" ಎಂದಳು ಹಂಪಮ್ಮ. ನನ್ನ ಕಡೆ ನೋಡಲೂ ಇಲ್ಲ.

ನಾನು ಬಾಯಿ ತೆರೆದೆ. ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ "ಅದು ಅಧಿಶೋಷಣೆ" ಎಂದೆ. ಅವರು ತಲೆದೂಗಿದರು. ಹಂಡೆ ಉಳಿಯಿತು. ಹೋಗುವಾಗ ಕಟ್ಟೆ ಇಳಿಯುತ್ತ ಅವರು ನನ್ನನ್ನು ಮೊದಲ ಸಲ ನೆಟ್ಟಗೆ ನೋಡಿ, "ಊಟಕ್ಕ ಬರ್ರಿ ಒಮ್ಮೆ" ಎಂದರು. ಹಂಪಮ್ಮ ಯಾಕೆ ಹಾಗೆ ಹೇಳಿದಳೆಂದು ನಾನು ಕೇಳಲಿಲ್ಲ. ಬಣ್ಣ ಹಾಕುವ ವಿಧವೆ ಸಿಪ್ಪೆಯಲ್ಲಿ ನೀರು ತೊಳೆದಳೆಂದರೆ ಓಣಿ ಎರಡು ದಿನದಲ್ಲಿ ಅನುಮಾನಪಡುತ್ತದೆ, ಪ್ಯಾಂಟು ಹಾಕಿದ ಮೇಷ್ಟ್ರು ಮಾಡಿದರೆಂದರೆ ನಂಬುತ್ತದೆ. ಇಷ್ಟು ನನಗೆ ತಿಳಿಯಲು ಬಹಳ ವರ್ಷ ಬೇಕಾಯಿತು. ಆ ಹೊತ್ತಿಗೆ ನನಗೆ ತಿಳಿದದ್ದು ಊಟದ ಮಾತು ಒಂದೇ.

ನಂಬಿಸಿದ ಸುಳ್ಳನ್ನು ಮೊದಲು ನಂಬುವವನು ಯಾರು ಹೇಳಿ. ಒಂದು ತಿಂಗಳಲ್ಲಿ ನಾನೇ ನಂಬಿಬಿಟ್ಟೆ. ಶಾಲೆ ಮತ್ತೆ ತೆರೆದ ಮೇಲೆ ಹರಪನಹಳ್ಳಿಯಲ್ಲಿ ವಿಜ್ಞಾನ ವಸ್ತುಪ್ರದರ್ಶನವಿತ್ತು. ಮೂರು ಗಾಜಿನ ಭರಣಿಗಳನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೋದೆ. ಹಸಿರು ನೀರು ಒಂದರಿಂದ ಹೊರಟು ಮೂರರಲ್ಲಿ ತಿಳಿಯಾಗುವುದನ್ನು ಜನ ಬಾಯಿ ತೆರೆದು ನೋಡಿದರು. ಪ್ರಶಸ್ತಿಪತ್ರ ಸಿಕ್ಕಿತು, ಅದರಲ್ಲಿ ನನ್ನ ಹೆಸರಿತ್ತು. ಕೇಳಿದವರಿಗೆಲ್ಲ ಸಿಪ್ಪೆಯ ವಿಷಯ ಹೇಳಿದೆ, ಒಗರಿನ ವಿಷಯ ಮಾತ್ರ ಹೇಳಲಿಲ್ಲ. ಅದು ಪುಸ್ತಕದಲ್ಲಿರಲಿಲ್ಲ, ಯಾರಾದರೂ ಯಾಕೆಂದು ಕೇಳಿದರೆ ನನಗೆ ಉತ್ತರ ಗೊತ್ತಿರಲಿಲ್ಲ. ಅಲ್ಲದೆ ಒಗರು ಎಂದರೆ ಹಂಪಮ್ಮ ಎನ್ನಬೇಕಾಗುತ್ತಿತ್ತು. ಅಂದಿನಿಂದ ನನ್ನ ಕಥೆಯಲ್ಲಿ ಒಗರು ಬರುವುದು ನಿಂತಿತು.

ಶ್ರಾವಣದಲ್ಲಿ ಮಳೆ ಹಿಡಿಯಿತು. ಬಣ್ಣ ಕುಡಿದು ದಣಿದ ಸಿಪ್ಪೆಯನ್ನು ಹಂಪಮ್ಮ ಗುಂಡಿಯಿಂದ ತೆಗೆದು ಒಣಗಿಸಿ, ಉರುವಲಿಗೆಂದು ಗೋಡೆಯ ಬದಿಗೆ ರಾಶಿ ಹಾಕಿದ್ದಳು. ಒಣಗಿದ ಮೇಲೆ ಅದು ಮಾಮೂಲಿ ಸಿಪ್ಪೆಗಿಂತ ಒಂಚೂರು ಮಂಕು, ಅಷ್ಟೇ. ನಮ್ಮ ಕಡೆ ಮಳೆಗಾಲದಲ್ಲಿ ಕೊಟ್ಟಿಗೆ ಕೆಸರಾದರೆ ದನದ ಕಾಲಡಿಗೆ ಶೇಂಗಾ ಸಿಪ್ಪೆ ಹಾಸುವುದು ರೂಢಿ. ಕೊಟ್ರಬಸಪ್ಪನವರ ಆಳು ಬಂದು ಎರಡು ಚೀಲ ಸಿಪ್ಪೆ ಒಯ್ಯಲೇ ಎಂದು ಕೇಳಿದ. ಹಂಪಮ್ಮ ಹಂಡೆಯ ಆವಿಯಲ್ಲಿ ನಿಂತು, ತಿರುಗಿ ನೋಡದೆ, "ಒಯ್ಯಪ್ಪ" ಎಂದಳು. ಗೋಡೆಯ ಈಚೆ ಕೂತಿದ್ದ ನಾನು ಅದನ್ನು ಕಿವಿಯಾರೆ ಕೇಳಿದ್ದೇನೆ. ನನಗೂ ಏನೂ ಹೊಳೆಯಲಿಲ್ಲ.

ಒಣಸಿಪ್ಪೆ ಹಿಡಿದ ಬಣ್ಣವನ್ನು ಸುಮ್ಮನೆ ಬಿಡುವುದಿಲ್ಲ. ಆದರೆ ಎತ್ತು ಗಂಜಲ ಹೊಯ್ದರೆ ಬಿಡುತ್ತದೆ. ಈ ಸಂಗತಿಯೂ ಪುಸ್ತಕದಲ್ಲಿರಲಿಲ್ಲ.

ಮರುದಿನ ಬೆಳಿಗ್ಗೆ ಎತ್ತು ಹಸಿರಾಗಿದೆ ಎಂದು ಯಾರೋ ಕೂಗಿಕೊಂಡು ಹೋದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನವಲ್ಲ ಆ ಓಣಿಯವರು, ಕಣ್ಣಿಂದ ನೋಡಿಯೇ ನಂಬುವವರು. ನೋಡಲು ದೂರ ಹೋಗಬೇಕಾಗಲಿಲ್ಲ. ಕೊಟ್ರಬಸಪ್ಪನವರೇ ಮೂಗುದಾರ ಹಿಡಿದು ಎತ್ತನ್ನು ಹಂಪಮ್ಮನ ಬಾಗಿಲಿಗೆ ನಡೆಸಿಕೊಂಡು ಬಂದರು. ಬಲಗಡೆಯಿಂದ ನೋಡಿದರೆ ಬಿಳಿ ಎತ್ತು. ಎಡಗಡೆಗೆ, ಅದು ಮಲಗಿದ್ದ ಮಗ್ಗುಲಿಗೆ, ಭುಜದಿಂದ ತೊಡೆಯವರೆಗೆ ಹಸಿರು. ತೊಳೆದಿದ್ದರು, ತೊಳೆದಷ್ಟೂ ಹಸಿರು ಇನ್ನಷ್ಟು ಒಪ್ಪವಾಗಿತ್ತು. ಹಂಪಮ್ಮನ ಕೈಕೆಲಸದಲ್ಲಿ ಬಣ್ಣ ಯಾವತ್ತೂ ನಿಲ್ಲುತ್ತಿತ್ತು.

ನೀವು ಊರಿನವರಾದರೆ ನಿಮಗೆ ಗೊತ್ತು, ಎತ್ತಿನ ಬೆಲೆ ಅದರ ಜೋಡಿಯಲ್ಲಿದೆ. ಬಣ್ಣ, ಕೊಂಬು, ಎತ್ತರ ಕೂಡಿದರೆ ಜೋಡಿ, ಇಲ್ಲದಿದ್ದರೆ ಅವು ಬರೀ ಎರಡು ಎತ್ತು. ಆ ಬಿಳಿ ಜೋಡಿಗಾಗಿ ಕೊಟ್ರಬಸಪ್ಪನವರು ಮೂರು ವರ್ಷ ಸಂತೆ ತಿರುಗಿದ್ದರು.

ಓಣಿಯೆಲ್ಲ ನೆರೆದಿತ್ತು. ಬಾವಿಗೆ ಹೊರಟಿದ್ದ ಕೊಟ್ರಬಸಪ್ಪನವರ ತಮ್ಮನ ಮಗಳೂ ಕೊಡ ಸೊಂಟದ ಮೇಲಿಟ್ಟು ನಿಂತಿದ್ದಳು. ನಮ್ಮ ಹೆಡ್‌ಮಾಸ್ತರರು ಯಾಕೋ ಆ ದಾರಿಯಲ್ಲೇ ಬಂದಿದ್ದರು. ಹಂಪಮ್ಮ ಹೊಸ್ತಿಲಲ್ಲಿ ನಿಂತಿದ್ದಳು, ಎರಡು ಬಣ್ಣದ ಎರಡು ಕೈಯನ್ನೂ ಸೆರಗಿನಲ್ಲಿ ಸುತ್ತಿಕೊಂಡು. ಆಕೆಯ ಮುಖ ಕಂಡಾಗ ನನಗೆ ತೆಲಿಗಿಯ ತಾಟು ಕಂಡಿತು. ಬಾವಿ ಕೆಡಿಸಿದ್ದು ಒಂದು, ಎತ್ತು ಕೆಡಿಸಿದ್ದು ಇನ್ನೊಂದು. ಎರಡನೆಯದಕ್ಕೆ ಯುಗಾದಿಯ ಗಡುವು ಸಿಗುವುದಿಲ್ಲ.

"ಈ ಸಿಪ್ಪಿ ಕೆಲಸ ಯಾರದು?" ಎಂದರು ಕೊಟ್ರಬಸಪ್ಪನವರು, ಎಲ್ಲರಿಗೂ ಕೇಳುವಂತೆ.

ಹಂಪಮ್ಮ ಬಾಯಿ ತೆರೆದಳು. ಅಷ್ಟರಲ್ಲಿ ನಾನು, "ನಂದೇ ರಿ" ಎಂದೆ.

ಇದನ್ನು ತ್ಯಾಗವೆಂದು ತಿಳಿಯಬೇಡಿ. ಪ್ರಶಸ್ತಿಪತ್ರಕ್ಕೆ ಚೌಕಟ್ಟು ಹಾಕಿಸಿ ಗೋಡೆಗೆ ಹೊಡೆದು ಎರಡು ತಿಂಗಳಾಗಿತ್ತು. ಹೆಡ್‌ಮಾಸ್ತರರು ಎದುರಿಗಿದ್ದರು, ಅವಳು ಕೊಡ ಹಿಡಿದು ನೋಡುತ್ತಿದ್ದಳು. ಇದು ಹಂಪಮ್ಮನದು, ನನ್ನದಲ್ಲ ಎಂದು ಅವರೆಲ್ಲರ ಮುಂದೆ ಹೇಳುವುದಕ್ಕಿಂತ ಎತ್ತು ಹಸಿರು ಮಾಡಿದವನಾಗುವುದು ನನಗೆ ಸುಲಭವಾಗಿ ಕಂಡಿತು. ನನ್ನ ಜಂಬ ಆಯುಷ್ಯದಲ್ಲಿ ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದನ್ನು ಕೂಡ ನಾನು ಉದ್ದೇಶಪಟ್ಟು ಮಾಡಲಿಲ್ಲ.

ಕೊಟ್ರಬಸಪ್ಪನವರು ನನ್ನನ್ನು ಬೈದರು. ಬಿಸಿಲು ಕಟ್ಟೆಯಿಂದ ಬಾಗಿಲಿಗೆ ಬರುವವರೆಗೆ ಬೈದರು. ಹೊಳೆಯನ್ನು ಬೈದರು, ಹಲವಾಗಲನ್ನು ಬೈದರು, ಸರಕಾರ ಸಂಬಳ ಕೊಟ್ಟು ಎಂಥವರನ್ನು ಕಳಿಸುತ್ತದೆ ಎಂದರು. ಧ್ವನಿ ಏರಿಸಲಿಲ್ಲ. ನಾನು ನಿಂತು ಕೇಳಿದೆ, ಎತ್ತೂ ನಿಂತು ಕೇಳಿತು. ಕೊನೆಗೆ ಅವರು ಆಳಿನ ಕಡೆ ತಿರುಗಿ, "ಇನ್ನೊಂದು ಎತ್ತಿನ ಅಡಿಗೂ ಅದ ಸಿಪ್ಪಿ ಹಾಸಲೇ. ಬಲಮಗ್ಗಲಿಗೆ ಮಲಗಸು" ಎಂದರು. ಮೂರು ದಿನದ ಮೇಲೆ ಜೋಡಿ ಗಾಡಿಗೆ ಕಟ್ಟಿಕೊಂಡು ಹೊರಟಿತು, ಹೊರಗಡೆ ಎರಡೂ ಬಿಳಿ, ನೊಗದ ಒಳಗಡೆ ಎರಡೂ ಹಸಿರು. ಜೋಡಿ ಕೂಡಿತ್ತು.

ಬೈಸಿಕೊಂಡ ಮರುದಿನ ಗೋಡೆಯ ಮೇಲೆ ಹಂಪಮ್ಮನ ಬಲಗೈ ಕಾಣಿಸಿತು, ಅದರಲ್ಲಿ ಬಟ್ಟಲು ತುಂಬ ಶೇಂಗಾ ಹಿಂಡಿ ಎಂಬ ಚಟ್ನಿಪುಡಿ, ಬಟ್ಟಲ ಮೇಲೆ ಎರಡು ಬಿಸಿ ರೊಟ್ಟಿ. ನಾನು ಹಡಗಲಿಗೆ ವರ್ಗವಾಗಿ ಹೋಗುವವರೆಗೆ ಆ ಓಣಿಯಲ್ಲಿ ಹಸರೆತ್ತಿನ ಮೇಷ್ಟ್ರೇ ಆಗಿದ್ದೆ. ಕೊಡ ಹಿಡಿದು ನಿಂತಿದ್ದ ಇವಳನ್ನು ನನಗೆ ಹೇಗೆ ಮದುವೆ ಮಾಡಿಕೊಟ್ಟರೆಂಬುದು ಮಾತ್ರ ನನಗೆ ಬಿಡಿಸದ ಒಗಟಾಗಿ ಉಳಿದಿತ್ತು.

ಇವತ್ತು ಸಂಜೆ ಬಕೆಟ್ಟು ನೋಡಲು ಹೋದೆ. ಸಿಪ್ಪೆ ಕೆಂಪಾಗಿತ್ತು, ನೀರು ಪೂರ್ತಿ ತಿಳಿಯಾಗಿರಲಿಲ್ಲ, ಗುಲಾಬಿ ಉಳಿದಿತ್ತು. ಹೆಂಡತಿ ಬಾಗಿಲಲ್ಲಿ ನಿಂತು ಇಣುಕಿದಳು.

"ಒಗರು ಕುಡಿಸ್ಲಾರದ ಹಾಕಿದ್ರ ಎಷ್ಟರ ಹಿಡೀತೈತ್ರಿ ಅದು?" ಎಂದಳು.

ನಾನು ಕುಕ್ಕರುಗಾಲಲ್ಲೇ ಉಳಿದೆ. ಮದುವೆಯಾದಂದಿನಿಂದ ಇವಳ ಎದುರಿಗೆ ಈ ಕಥೆ ಎಷ್ಟು ಸಲ ಹೇಳಿದ್ದೇನೋ, ಬೀಗರಿಗೆ, ಅಳಿಯನಿಗೆ, ಗ್ಯಾಸ್ ತಂದವನಿಗೆ. ಒಮ್ಮೆಯೂ ಒಗರಿನ ಹೆಸರೆತ್ತಿಲ್ಲ.

"ಒಗರಿನ ಮಾತು ನಿನಗ ಯಾರು ಹೇಳಿದ್ರು?"

"ಹಂಪಮ್ಮತ್ತಿ. ಮತ್ತ್ಯಾರು ಹೇಳ್ತಾರ? ಸಿಪ್ಪಿ ನೆನಸೂ ಮುಂದ ನಾನ ನೀರು ಸೇದಿ ಕೊಟ್ಟೀನಿ."

"ಹಂಗಾದ್ರ ನಿನಗ ಗೊತ್ತಿತ್ತು."

"ಓಣಿಗೆಲ್ಲ ಗೊತ್ತಿತ್ತು."

"ನಿಮ್ಮ ದೊಡ್ಡಪ್ಪಗ?"

"ದೊಡ್ಡಪ್ಪಗ ಗೊತ್ತಿರ್ಲಾರದ್ದು ಓಣ್ಯಾಗ ಏನಿತ್ತು?" ಅವಳು ಬಾಗಿಲಿಗೆ ಒರಗಿದಳು. "ಎತ್ತು ಹಸರಾದ ಮ್ಯಾಲ ಯಾರನ್ನರ ಬೈಯಬೇಕಲ್ರಿ, ಬೈಯದಿದ್ರ ಮಂದಿ ಸುಮ್ನಿರ್ತಾರ? ಅಕಿನ್ನ ಬೈದ್ರ ಅಕಿ ತೆಲಿಗಿ ಬಸ್ ಹತ್ತಬೇಕಾಗ್ತಿತ್ತು. ನಿಮ್ಮನ್ನ ಬೈದ್ರ ಏನಾಗ್ತೈತಿ, ಪಗಾರ ಬರೂದು ಬರ್ತೈತಿ. ಯಾರದು ಅಂತ ಅದಕ್ಕ ಜೋರಾಗಿ ಕೇಳಿದ್ದು. ನೀವು ನಂದ ಅಂದ್ರಿ. ಅವತ್ತ ಮನಿಗೆ ಬಂದು ದೊಡ್ಡಪ್ಪ ನಮ್ಮಪ್ಪಗ ಅಂದ, ಹುಡುಗಗ ಬೈಸಿಕೊಳ್ಳಾಕ ಬರ್ತೈತಿ, ಕೊಡಬಹುದು ಅಂತ."

ಒಗಟು ಬಿಡಿಸಿದಂತಾಯಿತು. ಬಿಡಿಸಿದ ಮೇಲೆ ಅದು ಅಂಥ ಒಗಟೇನೂ ಆಗಿರಲಿಲ್ಲ. ನನಗೆ ನಾಚಿಕೆಯಾಯಿತು, ಅದರ ಬೆನ್ನಿಗೇ ಬಹಳ ಸಂತೋಷವೂ ಆಯಿತು. ಹಂಪಮ್ಮ ಆಮೇಲೆ ಎಷ್ಟು ದಿನ ಇದ್ದಳು ಎಂದು ಕೇಳಿದೆ. ಕೈಯಲ್ಲಿ ಕೋಲು ನಿಲ್ಲುವವರೆಗೂ ಹಂಡೆ ನಡೆಸಿದಳು, ತನ್ನ ಮನೆಯಲ್ಲೇ ಕಣ್ಣು ಮುಚ್ಚಿದಳು ಎಂದು ಹೆಂಡತಿ ಹೇಳಿದಳು. ತೆಲಿಗಿಗೆ ಒಮ್ಮೆ ಅಣ್ಣನ ಮೊಮ್ಮಗಳ ಮದುವೆಗೆ ಹೋಗಿದ್ದಳಂತೆ, ಊಟ ಮುಗಿಸಿ ಸಂಜೆಯ ಬಸ್ಸಿಗೇ ತಿರುಗಿ ಬಂದಳಂತೆ.

"ಇಷ್ಟು ವರ್ಷ ನಾನು ಹೇಳೂದನ್ನ ಕೇಳಿಕೊಂತ ಸುಮ್ನ ಕೂತಿದ್ದಿ" ಎಂದೆ.

"ಅಕಿನ ಹೇಳಿದ್ಲು. ಮೇಷ್ಟ್ರು ಹೇಳ್ಕೊಳ್ಳಿ ಬಿಡವ್ವ, ಬೈಸಿಕೊಂಡಾರ ಪಾಪ ಅಂತ."

"ಅಂದ್ರ ಗೊತ್ತಿಲ್ದಾಂವ ಅಲ್ಲಿ ಯಾರೂ ಇರ್ಲಿಲ್ಲ."

ಅವಳು ಸ್ವಲ್ಪ ಲೆಕ್ಕ ಹಾಕಿದಳು. "ಎತ್ತಿಗೆ ಗೊತ್ತಿರ್ಲಿಲ್ಲ" ಎಂದಳು. "ಮತ್ತ, ನಿಮಗ."

ನಾನು ಬಕೆಟ್ಟಿನಿಂದ ಕೆಂಪು ಸಿಪ್ಪೆಯನ್ನು ಬಸಿದು ಮೊರಕ್ಕೆ ಹಾಕಿಕೊಂಡೆ. ಎದ್ದು ನಿಂತು, ಇದನ್ನು ಎಲ್ಲಿ ಚೆಲ್ಲಲಿ ಎಂದು ಹೆಂಡತಿಯನ್ನು ಕೇಳಿದೆ.